ಕೊಳೆರೋಗ: ಕಿಣ್ವ ಮತ್ತು ಪರಿಸರ

ಮಲೆನಾಡಿನ ಅಡಿಕೆ ಬೆಳೆಗಾರರು ಬಳಸುವ 'ಕೊಳೆರೋಗ' ಎಂಬ ಹೆಸರು ರೋಗಕಾರಕವನ್ನಲ್ಲ, ಕಾಯಿಯಲ್ಲಿ ನಡೆಯುವ ಕ್ರಿಯೆಯನ್ನು ಸೂಚಿಸುತ್ತದೆ. ವಿಜ್ಞಾನದ ದೃಷ್ಟಿಯಲ್ಲಿ ಆ ಕ್ರಿಯೆಯನ್ನು ನಡೆಸುವುದು ಕಿಣ್ವ. ಸಸ್ಯಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪೆಕ್ಟಿನ್, ಕೋಶಭಿತ್ತಿಗೆ ಬಲ ನೀಡುವ ಸೆಲ್ಯುಲೋಸ್ ಇವುಗಳನ್ನು ರೋಗಕಾರಕ ಶಿಲೀಂಧ್ರಗಳು ತಾವು ಸ್ರವಿಸುವ ಕಿಣ್ವಗಳಿಂದ ಒಡೆಯುತ್ತವೆ. ಅಂಗಾಂಶವು ಮೆತ್ತಗಾಗಿ ಕೊಳೆಯುವುದು ಇದರ ಪರಿಣಾಮ.

ಶಿಲೀಂಧ್ರವಿದ್ದ ಮಾತ್ರಕ್ಕೆ ಕಿಣ್ವವು ಉತ್ಪತ್ತಿಯಾಗುವುದಿಲ್ಲ. ಉಷ್ಣತೆ, ತೇವಾಂಶ, ಆಮ್ಲತೆ ಹಾಗೂ ದೊರೆಯುವ ಆಹಾರ ಇವು ಅದರ ಪ್ರಮಾಣವನ್ನು ನಿರ್ಧರಿಸುತ್ತವೆ. ಸುಲಭವಾಗಿ ಬಳಸಬಲ್ಲ ಗ್ಲೂಕೋಸ್ ಹೇರಳವಾಗಿದ್ದಾಗ ಅನೇಕ ಶಿಲೀಂಧ್ರಗಳು ಕೋಶಭಿತ್ತಿಯನ್ನು ಒಡೆಯುವ ಕಿಣ್ವಗಳ ತಯಾರಿಕೆಯನ್ನು ತಗ್ಗಿಸುತ್ತವೆ. ಪೆಕ್ಟಿನ್ ಎದುರಾದಾಗ ಹೆಚ್ಚಿಸುತ್ತವೆ.

ಆಮ್ಲತೆಯ ಪಾತ್ರ ಇನ್ನೂ ಗಮನಾರ್ಹವಾದುದು. ಮಾವಿಗೆ ಚಿಬ್ಬುರೋಗ ತರುವ ಕೊಲೆಟೋಟ್ರೈಕಮ್ ಎಳೆಗಾಯಿಯನ್ನು ಹೊಕ್ಕರೂ ಬಹುಕಾಲ ಸುಪ್ತವಾಗಿರುತ್ತದೆ. ಇದೇ ಶಿಲೀಂಧ್ರವು ಬೆಣ್ಣೆಹಣ್ಣಿನಲ್ಲಿ ಅಮೋನಿಯಾ ಸ್ರವಿಸಿ ಆಮ್ಲತೆಯನ್ನು ಕುಗ್ಗಿಸುತ್ತದೆ; ಪಿ.ಎಚ್. ಮೌಲ್ಯವು 6ರ ಆಸುಪಾಸಿಗೆ ಏರಿದ ಮೇಲೆ ಪೆಕ್ಟೇಟ್ ಲಯೇಸ್ ಕಿಣ್ವವು ಹೊರಬರುತ್ತದೆಂದು ಅಧ್ಯಯನಗಳು ತೋರಿಸಿವೆ. ನೆಲಗಡಲೆಯ ಬುಡಕೊಳೆಗೆ ಕಾರಣವಾದ ಸ್ಕ್ಲೆರೋಶಿಯಂ ರಾಲ್ಫ್ಸಿಯದು ಇದಕ್ಕೆ ವಿರುದ್ಧವಾದ ಹಾದಿ. ಅದು ಆಕ್ಸಾಲಿಕ್ ಆಮ್ಲವನ್ನು ಸ್ರವಿಸಿ ಪೆಕ್ಟಿನ್ನಿಗೆ ಅಂಟಿದ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ. ಆಮ್ಲೀಯ ಪರಿಸರದಲ್ಲಿ ಚುರುಕಾಗುವ ಪಾಲಿಗ್ಯಾಲಕ್ಟುರೊನೇಸ್ ಕಿಣ್ವಕ್ಕೆ ದಾರಿ ಸುಗಮವಾಗುತ್ತದೆ. ಹೀಗೆ ರೋಗಕಾರಕವು ಪರಿಸರಕ್ಕೆ ಒಗ್ಗಿಕೊಳ್ಳುವುದಷ್ಟೇ ಅಲ್ಲ, ತನಗೆ ಬೇಕಾದ ಪರಿಸರವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ.

ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಭ್ಯಸಿಸಿ 1910ರಲ್ಲಿ ವಿವರಿಸಿದರು. ಅದರ ಕಾರಕವಾದ ಫೈಟಾಫ್ತೊರವು ಇಂದಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರವಲ್ಲ. ಆದರೂ ಕೋಶಭಿತ್ತಿಯನ್ನು ಕಿಣ್ವಗಳಿಂದಲೇ ಒಡೆಯುತ್ತದೆ. ಎಡೆಬಿಡದ ಮಳೆ, 20ರಿಂದ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 90ಕ್ಕೂ ಮಿಗಿಲಾದ ಆರ್ದ್ರತೆ ಅದಕ್ಕೆ ಅನುಕೂಲಕರ. ಅದರ ಚರಬೀಜಕಗಳು ಈಜಲು ನೀರು ಬೇಕೇಬೇಕು.

ಈ ಹಿನ್ನೆಲೆಯಲ್ಲಿ, ಮುಂಗಾರಿಗೆ ಮುನ್ನ ಅಡಿಕೆ ಗೊನೆಗಳಿಗೆ 'ಕೊಟ್ಟೆ' ಕಟ್ಟುವ ಜನಪದ ಪದ್ಧತಿಯ ಅರ್ಥ ಸ್ಪಷ್ಟವಾಗುತ್ತದೆ. ಕೊಟ್ಟೆಯು ಗೊನೆಯನ್ನು ಮಳೆನೀರಿನಿಂದ ದೂರವಿರಿಸಿ ಬೀಜಕದ ದಾರಿಯನ್ನು ತಡೆಯುತ್ತದೆ. ಶೇ. 1ರ ಬೋರ್ಡೋ ದ್ರಾವಣದಲ್ಲಿರುವ ತಾಮ್ರವೂ ಬೀಜಕವು ಮೊಳೆಯುವ ಹಂತದಲ್ಲಿಯೇ ಕೆಲಸ ಮಾಡುತ್ತದೆ. ಕಿಣ್ವವು ಒಡೆದ ಅಂಗಾಂಶವನ್ನು ಯಾವ ಔಷಧಿಯೂ ಮರಳಿ ಕಟ್ಟಲಾರದು. ಆದ್ದರಿಂದ ಮಳೆ ಹಿಡಿಯುವ ಮೊದಲಿನ ದಿನಗಳೇ ಬೆಳೆಯ ಅಳಿವು ಉಳಿವನ್ನು ನಿರ್ಧರಿಸುತ್ತವೆ. ಕಿಣ್ವದ ಹೆಸರನ್ನು ಅರಿಯದ ಕೃಷಿಕ ಸಮುದಾಯವು ಅದು ಹುಟ್ಟುವ ಸನ್ನಿವೇಶವನ್ನು ಅರಿತಿತ್ತು ಎಂಬುದಕ್ಕೆ ಕೊಟ್ಟೆಯೇ ಸಾಕ್ಷಿ.