ಹಳೆಯ ಲಾರಿಗಳ ಜೀರ್ಣೋದ್ಧಾರ

ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರನ್ನು ನಾವು ಆದರದಿಂದ ಕಾಣುತ್ತೇವೆ. ಹಳೆಯ ಕಾರನ್ನು ಒಪ್ಪವಿಟ್ಟು ಮೆರವಣಿಗೆಗೆ ತರುವವರನ್ನು ಅಚ್ಚರಿಯಿಂದ ನೋಡುತ್ತೇವೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹದ ಮುಂದೆ ಮಕ್ಕಳನ್ನು ನಿಲ್ಲಿಸಿ ತೋರಿಸದೆ ಹಿಂದಿರುಗುವುದು ಕಡಿಮೆ. ಆದರೆ ಯಾರಾದರೂ ಒಂದು ಹಳೆಯ ಲಾರಿಯನ್ನು ಹಿತ್ತಲಿಗೆ ಎಳೆದು ತಂದು, ಅದಕ್ಕೆ ಜೀವ ತುಂಬುತ್ತೇನೆಂದು ಹೊರಟರೆ ಮನೆಯವರೇ ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಕಾರು ಅಂತಸ್ತಿನ ವಸ್ತು, ಲಾರಿ ದುಡಿಮೆಯ ವಸ್ತು. ದುಡಿದು ಸವೆದದ್ದಕ್ಕೆ ಗುಜರಿಯೇ ಗತಿ ಎಂಬುದು ಲೋಕರೂಢಿ. ಈ ರೂಢಿಯನ್ನು ಒಮ್ಮೆ ಪ್ರಶ್ನಿಸಬೇಕೆಂಬುದೇ ಈ ಬರಹದ ಉದ್ದೇಶ.

ಗಡಿಯಾಚೆಯ ಕನ್ನಡಿಗರಾದ ನಮಗೆ ಲಾರಿಯ ಋಣ ಸಾಮಾನ್ಯವಾದುದಲ್ಲ. ಕಾಸರಗೋಡಿನ ಅಡಕೆ, ನೀಲಗಿರಿಯ ತರಕಾರಿ ಮತ್ತು ಚಹಾ, ಸೊಲ್ಲಾಪುರದ ಚಾದರ, ಆದವಾನಿಯ ಹತ್ತಿ, ಇವೆಲ್ಲವೂ ದೂರದ ಪೇಟೆಗಳನ್ನು ಕಂಡದ್ದು ಲಾರಿಯ ಬೆನ್ನೇರಿ. ತಾಳವಾಡಿಯ ಮೇಲುನಾಡಿನಿಂದ ಬಯಲಿಗಿಳಿಯಲು ದಿಂಬಂ ಘಾಟಿಯ 27 ಮುರಿತಿರುವುಗಳನ್ನು ದಾಟಬೇಕು. ಅಂತಹ ದಾರಿಯಲ್ಲಿ, ಇಂದಿನ ಸುಲಭ ಸಾಧನಗಳಿಲ್ಲದ ಲಾರಿಗಳನ್ನು ಭಾರದೊಡನೆ ಇಳಿಸಿ ಹತ್ತಿಸಿದ ಚಾಲಕರ ವಿದ್ಯೆ ಯಾವ ಗ್ರಂಥದಲ್ಲಿಯೂ ದಾಖಲಾಗಿಲ್ಲ. ಅದು ಆ ಲಾರಿಗಳ ಗೇರುಕೋಲಿನಲ್ಲಿಯೂ ಆ ಹಿರಿಯರ ಅಂಗೈಯಲ್ಲಿಯೂ ಮಾತ್ರ ಉಳಿದಿದೆ.

ವಂಶಾವಳಿ

ನಮ್ಮ ದೇಶದ ಹಳೆಯ ಲಾರಿಗಳ ಕಥೆಯಲ್ಲಿ ಸೊಲ್ಲಾಪುರಕ್ಕೂ ಮೈಸೂರು ಸೀಮೆಗೂ ಪಾಲಿದೆ. 1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹೀರಾಚಂದರು ಭಾರತದಲ್ಲಿಯೇ ಮೋಟಾರು ವಾಹನಗಳು ತಯಾರಾಗಬೇಕೆಂದು ಹಟತೊಟ್ಟವರು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ವಿದೇಶ ಪ್ರವಾಸ ಕೈಗೊಂಡು, ಅಮೆರಿಕದ ಕಾರ್ಖಾನೆಗಳನ್ನು ಕಂಡು ಬಂದು, ಇದೇ ಉದ್ದೇಶಕ್ಕಾಗಿ ಯೋಜನೆ ಸಿದ್ಧಪಡಿಸಿದ್ದರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಮಾತ್ರ ಈ ಪ್ರಯತ್ನಗಳಿಗೆ ದೊರೆಯಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರಿನ ಲಾರಿಗಳು ಸಿದ್ಧವಾದವು. ಹೆಸರು ಮೂರಾದರೂ ಒಡಲು ಬಹುಮಟ್ಟಿಗೆ ಒಂದೇ. ಈ ಗುಟ್ಟನ್ನರಿತವರು ಫಾರ್ಗೊದ ಬಿಡಿಭಾಗ ಸಿಗದಿದ್ದರೆ ಡಾಡ್ಜ್‌ನದನ್ನು ಹುಡುಕುತ್ತಾರೆ.

ಜಮ್‌ಷೆಡ್‌ಪುರದ ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು, ಅದೇ ವರ್ಷ ಲಾರಿ ತಯಾರಿಕೆಯನ್ನು ಆರಂಭಿಸಿತು. ಮುಂದಕ್ಕೆ ಚಾಚಿದ ಮೂತಿಯ, ನಕ್ಷತ್ರಲಾಂಛನದ ಆ ಲಾರಿಗಳನ್ನು ನಮ್ಮ ಜನ ‘ಬೆಂಜ್ ಲಾರಿ’ ಎಂದೇ ಕರೆದರು. ಒಪ್ಪಂದ 1969ರಲ್ಲಿ ಮುಗಿದು ನಕ್ಷತ್ರದ ಸ್ಥಾನಕ್ಕೆ ಟಾಟಾ ಲಾಂಛನ ಬಂದ ಮೇಲೂ ಆ ಹೆಸರು ಬಹುಕಾಲ ಬಾಯಲ್ಲಿ ಉಳಿಯಿತು. ಮದರಾಸಿನ ಎಣ್ಣೂರಿನಲ್ಲಿ 1950ರ ದಶಕದಲ್ಲಿ ಲೇಲ್ಯಾಂಡ್ ಕಾಮೆಟ್ ಲಾರಿಗಳು ಬಂದವು; ಅದೇ ಸಂಸ್ಥೆ 1980ರಲ್ಲಿ ನಮ್ಮ ಹೊಸೂರಿನಲ್ಲಿಯೂ ಕಾರ್ಖಾನೆ ತೆರೆಯಿತು.

ಅಂದಿನ ಲಾರಿಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬರುತ್ತಿದ್ದುದು ಬರಿಯ ಚಾಸಿಯಾಗಿ. ಚಾಲಕನ ಕೋಣೆ, ಸರಕಿನ ತೊಟ್ಟಿ ಎಲ್ಲವನ್ನೂ ಊರಿನ ಬಡಗಿಯೂ ಕಮ್ಮಾರನೂ ಕಟ್ಟುತ್ತಿದ್ದರು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಪಟ್ಟಣಗಳು ಇದೇ ಕಸುಬಿನಿಂದ ಹೆಸರು ಗಳಿಸಿದವು. ಹೀಗಾಗಿ ಒಂದೊಂದು ಲಾರಿಯೂ ಅರ್ಧ ಕಾರ್ಖಾನೆಯ ಕೂಸು, ಅರ್ಧ ನಮ್ಮ ಸೀಮೆಯ ಕುಶಲಕರ್ಮಿಯ ಕೂಸು.

ಕೆಲಸದ ಕ್ರಮ

ಬಹುವರ್ಷ ನಿಂತುಹೋದ ಲಾರಿಯನ್ನು ಕಂಡೊಡನೆ ಎಲ್ಲರಿಗೂ ಹುಟ್ಟುವ ಆಸೆ, ಹೇಗಾದರೂ ಒಮ್ಮೆ ಅದನ್ನು ಚಾಲೂ ಮಾಡಬೇಕೆಂಬುದು. ಈ ಆತುರವೇ ಅದರ ಮೊದಲ ಶತ್ರು. ತುಕ್ಕಿನಿಂದ ಹಿಡಿದುಕೊಂಡ ಎಂಜಿನ್ನನ್ನು ಮತ್ತೊಂದು ವಾಹನಕ್ಕೆ ಕಟ್ಟಿ ಎಳೆದರೆ ಪಿಸ್ಟನ್ ಉಂಗುರಗಳು ಮುರಿಯುತ್ತವೆ. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆಯನ್ನು ಬಿಟ್ಟು, ಕೆಲವು ದಿನ ಸುಮ್ಮನಿರಬೇಕು. ಬಳಿಕ ಹಿಡಿಕೆಯಿಂದ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೇ ಅಲುಗಿಸುತ್ತ ಹೋಗಬೇಕು. ಎಣ್ಣೆ ಮಾಡುವ ಕೆಲಸವನ್ನು ಬಲಪ್ರಯೋಗ ಮಾಡಲಾರದು.

ಹಳೆಯ ಡಾಡ್ಜ್, ಫಾರ್ಗೊಗಳ ಪೆಟ್ರೋಲ್ ಎಂಜಿನ್ನುಗಳಲ್ಲಿ ಆರು ಸಿಲಿಂಡರುಗಳು. ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಮೇಲಿನ ತಲೆಭಾಗ ಚಪ್ಪಟೆ. ಸರಳವಾದ ಈ ರಚನೆ ಹವ್ಯಾಸಿಗೆ ಒಳ್ಳೆಯ ಗುರು. ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದರ ಅಳತೆಗಳು ಅತಿ ಸೂಕ್ಷ್ಮವಾದವು, ನುರಿತ ಕಾರ್ಯಾಗಾರಕ್ಕೇ ಒಪ್ಪಿಸಬೇಕು. ಇಂಜೆಕ್ಟರಿನಿಂದ ಚಿಮ್ಮುವ ಇಂಧನಕ್ಕೆ ಕೈಯೊಡ್ಡುವುದಂತೂ ಸಲ್ಲದು. ಅದರ ಒತ್ತಡ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು.

ಎಂಜಿನ್ನು ತಿರುಗುವ ಮೊದಲೇ ನೋಡಬೇಕಾದುದು ಬ್ರೇಕು. ದ್ರವದ ಒತ್ತಡದಿಂದ ಕೆಲಸಮಾಡುವ ಬ್ರೇಕುಗಳಲ್ಲಿ ರಬ್ಬರ್ ಬಟ್ಟಲುಗಳೆಲ್ಲ ಹೊಸವಾಗಬೇಕು. ಹಳೆಯ ಬ್ರೇಕ್ ಲೈನರ್, ಕ್ಲಚ್ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುವುದರಿಂದ ಗಾಳಿ ಹೊಡೆದು ಶುಚಿಮಾಡದೆ ಒದ್ದೆ ಬಟ್ಟೆಯಿಂದ ಒರಸಬೇಕು. ಚಕ್ರಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಲಾರಿಯ ಟೈರನ್ನು ಹಿಡಿದಿಡುವ ಉಕ್ಕಿನ ಬಳೆಯನ್ನು, ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಡದೆ ಮುಟ್ಟಿದರೆ ಅದು ಸಿಡಿದು ಪ್ರಾಣವನ್ನೇ ತೆಗೆಯಬಲ್ಲದು. ಈ ಕೆಲಸ ನಡೆಯುವಾಗ ಮಕ್ಕಳು ಬಳಿಯಲ್ಲಿ ಇರಕೂಡದು.

ಜೀರ್ಣೋದ್ಧಾರ ಒಮ್ಮೆ ಮಾಡುವ ಕೆಲಸ, ಪಾಲನೆ ದಿನನಿತ್ಯದ್ದು. ತಿಂಗಳಿಗೊಮ್ಮೆ ಐದು ನಿಮಿಷ ಎಂಜಿನ್ನು ಓಡಿಸಿ ನಿಲ್ಲಿಸುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಂಜಿನ್ನು ಪೂರ್ಣ ಬಿಸಿಯಾಗದಿದ್ದರೆ ಒಳಗೆ ಕೂಡಿದ ತೇವ ಎಣ್ಣೆಯಲ್ಲಿಯೇ ಉಳಿಯುತ್ತದೆ. ಇಂದಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೆಯ ಪಂಪಿನ ರಬ್ಬರ್ ಪೊರೆಯನ್ನು ಕೆಡಿಸುವುದರಿಂದ, ಅದನ್ನು ತಾಳಬಲ್ಲ ಹೊಸ ಪೊರೆ ಹಾಕುವುದು ಲೇಸು. ಊರಿನ ಹವೆಯನ್ನೂ ಗಮನಿಸಬೇಕು. ಕಾಸರಗೋಡಿನ ಕಡಲಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಸೊಲ್ಲಾಪುರ, ಜತ್ತ, ರಾಯದುರ್ಗಗಳ ಬಿಸಿಲು ರಬ್ಬರನ್ನು ಬಿರಿಸಿ ಮರವನ್ನು ಸೀಳಿಸುತ್ತದೆ. ಒಂದೆಡೆ ಎಣ್ಣೆ ಬಳಿದ ಚಾಸಿ, ಇನ್ನೊಂದೆಡೆ ತಂಪಾದ ನೆರಳು, ಇದೇ ಲಾರಿಯ ಆಯುಷ್ಯದ ಗುಟ್ಟು.

ಯಾವುದು ಮೂಲ?

ಇಲ್ಲೊಂದು ತಾತ್ತ್ವಿಕ ಪ್ರಶ್ನೆ ಎದುರಾಗುತ್ತದೆ. ಪೆಟ್ರೋಲ್ ಎಂಜಿನ್ನಿನೊಡನೆ ಹುಟ್ಟಿದ ಎಷ್ಟೋ ಡಾಡ್ಜ್ ಲಾರಿಗಳಿಗೆ, ಇಂಧನದ ಖರ್ಚನ್ನು ತಗ್ಗಿಸಲೆಂದು ಮಾಲೀಕರೇ ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಜೋಡಿಸಿದರು. ಮರದ ತೊಟ್ಟಿ ಹಲವು ಬಾರಿ ಬದಲಾಯಿತು; ಮುರಿದ ಭಾಗವನ್ನು ಊರಿನ ಲೇತಿನಲ್ಲಿ ಕಡೆದು ಕೂರಿಸಲಾಯಿತು. ಹಾಗಾದರೆ ಹವ್ಯಾಸಿಯು ಲಾರಿಯನ್ನು ಯಾವ ಸ್ಥಿತಿಗೆ ಮರಳಿಸಬೇಕು? ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಗೋ, ದುಡಿಮೆಯ ನಡುವಯಸ್ಸಿನ ಸ್ಥಿತಿಗೋ?

ನಮ್ಮ ಅಭಿಪ್ರಾಯದಲ್ಲಿ, ದುಡಿದ ವಸ್ತುವಿಗೆ ಅದರ ದುರಸ್ತಿಗಳೂ ಚರಿತ್ರೆಯೇ. ಹಳ್ಳಿಯ ಕಮ್ಮಾರನ ಬೆಸುಗೆಯನ್ನು ಅಳಿಸಿ ಹೊಳಪು ಬಣ್ಣ ಬಳಿದರೆ ಕಾಣಲು ಚೆಂದ. ಆದರೆ ಆ ಕಮ್ಮಾರನ ಜಾಣ್ಮೆಯ ಏಕಮಾತ್ರ ಸಾಕ್ಷಿ ಅಳಿದಂತೆ. ಸುರಕ್ಷತೆಗೆ ಬೇಕಾದುದನ್ನು ಹೊಸದಾಗಿಸಿ, ಉಳಿದುದನ್ನು ಇದ್ದಂತೆಯೇ ಕಾಪಾಡಿ, ಬದಲಿಸಿದ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡುವುದೇ ಸರಿಯಾದ ಮಾರ್ಗ.

ಕಾನೂನಿನ ಕಣ್ಣಿನಲ್ಲಿ

ದುರದೃಷ್ಟವೆಂದರೆ ಕಾನೂನು ಇಲ್ಲಿ ಲಾರಿಯ ಪರವಾಗಿಲ್ಲ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪುರಾತನ ವಾಹನಗಳಿಗೆಂದೇ ನಿಯಮಗಳನ್ನು ರೂಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪ ಕೆಡದ, ಖಾಸಗಿ ಬಳಕೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಸೌಲಭ್ಯ ದೊರೆಯಿತು. ಆದರೆ ಆ ವ್ಯಾಖ್ಯೆ ದ್ವಿಚಕ್ರ ವಾಹನಗಳಿಗೂ ಕಾರುಗಳ ವರ್ಗಕ್ಕೂ ಸೀಮಿತವಾಯಿತು. ಸರಕು ಸಾಗಿಸುವ ಲಾರಿ ಅದರ ಹೊರಗೇ ನಿಂತಿತು. ಮುತ್ತಾತನ ಕಾರು ಪರಂಪರೆ ಎನಿಸಿದರೆ, ಅದೇ ವಯಸ್ಸಿನ ಲಾರಿ ಬರಿಯ ಹಳೆಯ ಸಾಗಣೆ ವಾಹನ. ಅದು ರಸ್ತೆಗಿಳಿಯಬೇಕಾದರೆ ಹೊಸ ಲಾರಿಯಂತೆಯೇ ಯೋಗ್ಯತಾಪತ್ರ, ತೆರಿಗೆ, ವಿಮೆಗಳ ಹೊರೆಯನ್ನು ಹೊರಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೂ ನಿಂತಿತು. ಅಮೆರಿಕದಲ್ಲಿ 1971ರಷ್ಟು ಹಿಂದೆಯೇ ಲಾರಿಗಳ ಚರಿತ್ರೆಗಾಗಿ ಸಂಘವೊಂದು ಹುಟ್ಟಿತೆಂಬುದನ್ನು ನೆನೆದರೆ ನಮ್ಮ ಔದಾಸೀನ್ಯ ಇನ್ನಷ್ಟು ಎದ್ದು ಕಾಣುತ್ತದೆ. ಲಾರಿಗೂ ಆ ವ್ಯಾಖ್ಯೆಯಲ್ಲಿ ಸ್ಥಾನ ಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನ ಮತ್ತೊಂದರಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲಿನ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು. ಹಳೆಯ ಲಾರಿಯನ್ನು ಕೊಳ್ಳುವವರು ಬಣ್ಣ ನೋಡುವುದಕ್ಕೆ ಮೊದಲು ಕಾಗದ ನೋಡಬೇಕು; ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ ಆಗಿರಬೇಕು. ಈ ಕಾಗದಗಳಿಗೆ ಬೇರೊಂದು ಬೆಲೆಯೂ ಉಂಟು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸಿನದು, ಅನಂತರ ಕೇರಳದ್ದು. ಆ ಕಾಲದ ಲಾರಿಯ ಪುಸ್ತಕದಲ್ಲಿ ಎರಡು ಸರ್ಕಾರಗಳ ಮುದ್ರೆ ಇರಬಹುದು. ಗಡಿ ನಮ್ಮ ಮನೆಗಳ ಮೇಲೆ ಹೇಗೆ ಹಾದುಹೋಯಿತೆಂಬುದಕ್ಕೆ ಅದೂ ಒಂದು ದಾಖಲೆ.

ಮನೆಮನೆಯ ಕರ್ತವ್ಯ

ಎಲ್ಲರೂ ಲಾರಿ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಜಾಗ ಬೇಕು, ಹಣ ಬೇಕು, ಮನೆಯವರ ಸಮ್ಮತಿ ಎಲ್ಲಕ್ಕಿಂತ ಮೊದಲು ಬೇಕು. ಆದರೆ ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಿಂದೆ ಲಾರಿ ಓಡಿಸಿದ, ದುರಸ್ತಿ ಮಾಡಿದ, ತೊಟ್ಟಿ ಕಟ್ಟಿದ ಹಿರಿಯರಿದ್ದರೆ ಅವರ ಬಳಿ ಕುಳಿತುಕೊಳ್ಳಿ. ಕ್ಲಚ್ಚನ್ನು ಎರಡು ಬಾರಿ ತುಳಿದು, ಎಂಜಿನ್ನಿನ ದನಿಯನ್ನು ಕಿವಿಯಿಂದಲೇ ಅಳೆದು ಗೇರು ಬದಲಿಸುತ್ತಿದ್ದ ಬಗೆಯನ್ನು ಕೇಳಿ ಬರೆದುಕೊಳ್ಳಿ. ಹಳೆಯ ಪರವಾನಗಿ, ಬಾಡಿಗೆ ಚೀಟಿ, ಲಾರಿಯ ಮುಂದೆ ನಿಂತು ತೆಗೆಸಿದ ಚಿತ್ರ ಇದ್ದರೆ ಜೋಪಾನವಾಗಿಡಿ. ಉಕ್ಕಿಗೆ ತುಕ್ಕು ಹಿಡಿದರೂ ಅದು ಕೆಲವು ದಶಕ ಕಾಯುತ್ತದೆ. ಆ ವಿದ್ಯೆಯನ್ನು ಬಲ್ಲ ಹಿರಿಯರು ಅಷ್ಟು ಕಾಲ ನಮಗಾಗಿ ಕಾಯಲಾರರು.