ವಿದೇಶದಿಂದ ಮರಳಿದ ಮೇಲೆ: ನಂಬಿಕೆ ಮತ್ತು ವಾಸ್ತವ

ವಿದೇಶ ಪ್ರವಾಸದ ಬಗ್ಗೆ ನಡೆಯುವ ಮಾತೆಲ್ಲ ಹೊರಡುವ ಸಿದ್ಧತೆ, ನೋಡಿದ ಊರು, ತಂದ ಸಾಮಾನು ಇವುಗಳ ಸುತ್ತಲೇ ತಿರುಗುವುದರಿಂದ, ಮನೆಗೆ ಮರಳಿದ ಮೇಲಿನ ಎರಡು ಮೂರು ವಾರಗಳು ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತವೆ. ಆದರೆ ನಿದ್ರೆ ಕೆಡುವುದು, ಹೊಟ್ಟೆ ಕೆಡುವುದು, ಮನಸ್ಸು ಮಂಕಾಗುವುದು, ಮನೆಯವರೊಡನೆ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಈ ವಾರಗಳಲ್ಲೇ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬರುವ ತಂದೆತಾಯಿ, ತಂಡದೊಡನೆ ಸಿಂಗಪುರ, ಮಲೇಷ್ಯಾ ನೋಡಿ ಬರುವ ನಿವೃತ್ತ ಶಿಕ್ಷಕರು, ದುಬೈಯ ಮಗನ ಮನೆಯಲ್ಲಿ ರಜೆ ಕಳೆದು ಬರುವವರು ಈಗ ಅಪರೂಪವೇನಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅಂಥ ಪ್ರವಾಸವೇ ಒಂದು ಪುಸ್ತಕಕ್ಕಾಗುವಷ್ಟು ದೊಡ್ಡ ಸಂಗತಿಯಾಗಿತ್ತು. ಇಂದು ಅದು ಪಕ್ಕದ ಮನೆಯ ಸುದ್ದಿ. ಮರಳಿಕೆಯ ಬಗೆಗಿನ ತಿಳಿವಳಿಕೆ ಮಾತ್ರ ಅಷ್ಟು ಬೆಳೆದಿಲ್ಲ: ದಣಿವು ಕಂಡರೆ ದೃಷ್ಟಿ ತಾಕಿದೆ ಎನ್ನಲಾಗುತ್ತದೆ, ಭೇದಿಯಾದರೆ ಮೈ ಸೂಕ್ಷ್ಮವಾಗಿದೆ ಎನ್ನಲಾಗುತ್ತದೆ, ಮಾತು ಕಡಿಮೆಯಾದರೆ ಸೊಕ್ಕು ಬಂದಿದೆ ಎನ್ನಲಾಗುತ್ತದೆ.

ವಿಮಾನ ಇಳಿದೊಡನೆ ಪ್ರಯಾಣದ ಅಪಾಯವೆಲ್ಲ ಮುಗಿಯಿತೆಂಬ ನಂಬಿಕೆಯನ್ನೇ ಮೊದಲು ನೋಡಬಹುದು. ದೂರದೇಶದ ವಿಮಾನಗಳಲ್ಲಿ ಅನೇಕವು ಬೆಂಗಳೂರಿಗೆ ನಡುರಾತ್ರಿ ಕಳೆದ ಮೇಲೆ ಬಂದಿಳಿಯುತ್ತವೆ. ಅಲ್ಲಿಂದ ನಗರವನ್ನು ದಾಟಿ, ಕನಕಪುರ, ಮಳವಳ್ಳಿಯ ಮೇಲೆ ಕೊಳ್ಳೇಗಾಲ ಸೇರುವುದು ಗಂಟೆಗಟ್ಟಲೆಯ ದಾರಿ. ಈ ದಾರಿಯಲ್ಲಿ ನಿದ್ದೆಗೆಟ್ಟವರು ಪ್ರಯಾಣಿಕರಷ್ಟೇ ಅಲ್ಲ, ಕರೆತರಲು ಹೋದವರೂ ಹೌದು ಎಂಬುದನ್ನು ಮರೆಯಲಾಗುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು, ದಿನದ ಕೆಲಸ ಮುಗಿಸಿ, ಸಂಜೆ ಊರು ಬಿಟ್ಟು, ವಿಮಾನ ನಿಲ್ದಾಣದ ಹೊರಗೆ ಕಾದು, ಬೆಳಗಿನ ಜಾವ ಮೂರಕ್ಕೆ ಮತ್ತೆ ಸ್ಟಿಯರಿಂಗ್ ಹಿಡಿಯುವ ಅಳಿಯನೋ ತಮ್ಮನೋ ಆ ಹೊತ್ತಿಗೆ 21 ಗಂಟೆ ಎಚ್ಚರವಾಗಿದ್ದಿರುತ್ತಾನೆ. 17 ಗಂಟೆಗಳ ಸತತ ಎಚ್ಚರವು ಮನುಷ್ಯನ ಚುರುಕನ್ನು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇದ್ದಾಗಿನ ಮಟ್ಟಕ್ಕೆ ಇಳಿಸುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ತೋರಿಸಿದರು. ಭಾರತದ ಮೋಟಾರು ವಾಹನ ಕಾನೂನು ಚಾಲಕನಿಗೆ ಒಪ್ಪುವ ಮಿತಿ ಶೇಕಡಾ 0.03 ಮಾತ್ರ. ಒಂದು ತೊಟ್ಟೂ ಕುಡಿಯದವನು ಕುಡಿದವನಿಗಿಂತ ಕೆಟ್ಟದಾಗಿ ಗಾಡಿ ಓಡಿಸುವ ಸ್ಥಿತಿ ಇದು. ಬೆಂಗಳೂರಿನಲ್ಲೇ ಎಲ್ಲಾದರೂ ಮಲಗಿ ಬೆಳಗಾದ ಮೇಲೆ ಹೊರಡುವುದನ್ನು ದುಂದುಗಾರಿಕೆ ಎನ್ನಲಾಗದು.

ಮನೆ ಸೇರಿದವರಿಗೆ ಸಿಗುವ ಮೊದಲ ಸಲಹೆ, ಎರಡು ದಿನ ಚೆನ್ನಾಗಿ ಮಲಗಿ, ಎಲ್ಲ ಸರಿಹೋಗುತ್ತದೆ ಎಂಬುದು. ದಣಿವಿಗೂ ಜೆಟ್ ಲ್ಯಾಗಿಗೂ ವ್ಯತ್ಯಾಸ ಮಾಡದಿರುವುದರಿಂದ ಹುಟ್ಟಿದ ಸಲಹೆ ಇದು. ಪ್ರಯಾಣದ ದಣಿವು ಒಂದು ರಾತ್ರಿಯ ನಿದ್ರೆಗೆ ಹೋಗುತ್ತದೆ. ಜೆಟ್ ಲ್ಯಾಗ್ ಎಂದರೆ ಮೈಯೊಳಗಿನ ಗಡಿಯಾರ ಬಿಟ್ಟುಬಂದ ಊರಿನ ಹೊತ್ತಿನಲ್ಲೇ ನಡೆಯುತ್ತಿರುವುದು, ಅದು ನಿದ್ರೆ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಜಾಗದ ಮೇಲೆ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ನರಕೋಶಗಳ ಜೋಡಿ ಗುಂಪೊಂದಿದ್ದು, ನಿದ್ರೆ, ಹಸಿವು, ಮೈಯ ಬಿಸಿ ಇವುಗಳಿಗೆ ಹೊತ್ತು ಗೊತ್ತುಮಾಡುವುದು ಅದೇ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು. ಹೆಚ್ಚಿನವರಲ್ಲಿ ಈ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ. ಆದುದರಿಂದ ಅದನ್ನು ಹಿಂದಕ್ಕೆ ಸರಿಸುವುದು ಸುಲಭ, ಮುಂದಕ್ಕೆ ತಳ್ಳುವುದು ಕಷ್ಟ. ಲಂಡನ್ನಿನಿಂದಾಗಲಿ ದುಬೈಯಿಂದಾಗಲಿ ಊರಿಗೆ ಮರಳುವುದೆಂದರೆ ಪೂರ್ವಕ್ಕೆ ಬರುವುದು, ಅಂದರೆ ಗಡಿಯಾರವನ್ನು ಮುಂದಕ್ಕೆ ತಳ್ಳುವುದು. ಹೋಗುವಾಗ ಏನೂ ಆಗಲಿಲ್ಲ, ಬಂದ ಮೇಲೆ ಹೀಗಾಯಿತು ಎಂದು ದೃಷ್ಟಿ ನಿವಾಳಿಸುವ ಮನೆಗಳಲ್ಲಿ ಬಹುಪಾಲು ನಡೆದಿರುವುದು ಇಷ್ಟೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದರಿಂದ ಕೇಡೇನೂ ಇಲ್ಲ. ಕೇಡಿರುವುದು ಕಿಟಕಿ ಮುಚ್ಚಿ ಹಗಲೆಲ್ಲ ಮಲಗಿಸುವುದರಲ್ಲಿ.

ಗಡಿಯಾರವನ್ನು ತಿದ್ದುವ ಮುಖ್ಯ ಸಾಧನ ಬೆಳಕು. ಇದನ್ನು ತಿಳಿದವರು ಕೂಡ ಇನ್ನೊಂದು ತಪ್ಪಿಗೆ ಬೀಳುತ್ತಾರೆ: ಬಂದ ಮರುದಿನವೇ ಸೂರ್ಯೋದಯಕ್ಕೆ ಎದ್ದು ಬಯಲಿನಲ್ಲಿ ನಡೆದಾಡಿದರೆ ಮೈ ಊರಿಗೆ ಹೊಂದಿಕೊಳ್ಳುತ್ತದೆಂದು ನಂಬುತ್ತಾರೆ. ಎಲ್ಲಿಂದ ಬಂದರು ಎಂಬುದನ್ನು ಅವಲಂಬಿಸಿ ಆ ಬಿಸಿಲು ನೆರವೂ ಆಗಬಹುದು, ಅಡ್ಡಿಯೂ ಆಗಬಹುದು. ರಾತ್ರಿ ಹತ್ತೂವರೆಗೆ ಮಲಗಿ ಆರಕ್ಕೆ ಏಳುವ ಮನುಷ್ಯನ ಮೈಯ ಬಿಸಿ ಬೆಳಗಿನ ಜಾವ ಸುಮಾರು ನಾಲ್ಕಕ್ಕೆ ಅತಿ ಕಡಿಮೆಗೆ ಇಳಿಯುತ್ತದೆ. ಆ ಗಳಿಗೆಗೆ ಮುಂಚೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೂ, ಅನಂತರ ಬಿದ್ದ ಬೆಳಕು ಮುಂದಕ್ಕೂ ಸರಿಸುತ್ತದೆ. ದುಬೈಯ ನಾಲ್ಕು ಗಂಟೆ ಇಲ್ಲಿಯ ಐದೂವರೆಯಾದುದರಿಂದ, ಅಲ್ಲಿಂದ ಬಂದವರಿಗೆ ಯಳಂದೂರಿನ ಎಳೆಬಿಸಿಲು ಮದ್ದಿನಂತೆಯೇ ಕೆಲಸ ಮಾಡುತ್ತದೆ. ಬೇಸಿಗೆಯ ಲಂಡನ್ನಿನ ನಾಲ್ಕು ಗಂಟೆಯೆಂದರೆ ಇಲ್ಲಿಯ ಎಂಟೂವರೆ. ಅಲ್ಲಿಂದ ಬಂದವರು ಮೊದಲ ದಿನ ಆರೂವರೆಯ ಬಿಸಿಲಿಗೆ ಮೈಯೊಡ್ಡಿದರೆ, ಮುಂದೆ ಹೋಗಬೇಕಾದ ಗಡಿಯಾರ ಹಿಂದೆ ಸರಿಯುತ್ತದೆ. ಅವರು ಎಂಟೂವರೆಯ ತನಕ ಒಳಗಿದ್ದು ಆಮೇಲೆ ಹೊರಗೆ ಬಂದು, ಆ ಹೊತ್ತನ್ನು ದಿನಕ್ಕೆ ಒಂದು ಗಂಟೆಯಂತೆ ಮುಂಚಿತಗೊಳಿಸುತ್ತ ಬಂದರೆ ಗುಣ ಬೇಗ. ಕ್ಯಾಲಿಫೋರ್ನಿಯಾದಿಂದ ಬಂದವರ ಲೆಕ್ಕ ಬೇರೆಯೇ: ಹನ್ನೆರಡೂವರೆ ಗಂಟೆಯ ಅಂತರವನ್ನು ಮೈ ಸಾಮಾನ್ಯವಾಗಿ ಹಿಂದಕ್ಕೆ ಸರಿದೇ ತುಂಬಿಕೊಳ್ಳುವುದರಿಂದ ಅವರಿಗೆ ಬೆಳಗಿನ ಬಿಸಿಲು ವಿರೋಧಿಯಲ್ಲ. ಒಂದು ಗಂಟೆಯ ಅಂತರಕ್ಕೆ ಸುಮಾರು ಒಂದು ದಿನ ಎಂಬುದು ಹೊಂದಿಕೆಯ ಸ್ಥೂಲ ಲೆಕ್ಕ. 

ಹಗಲು ತಡೆಯಲಾರದಷ್ಟು ನಿದ್ದೆ ಬಂದರೆ ಅರ್ಧ ಗಂಟೆ ಮೀರದಂತೆ ಮಲಗಬಹುದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು ಬದಲಾದಾಗ ಸೂಜಿಯ ಹೊತ್ತನ್ನು ತಮ್ಮ ಅಂದಾಜಿನಲ್ಲಿ ಬದಲಿಸದೆ, ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಂಡಿರಬೇಕು.

ಹೊಟ್ಟೆಯ ವಿಷಯಕ್ಕೆ ಬಂದರೆ, ಹುಟ್ಟಿದ ಊರಿನ ನೀರು ಹುಟ್ಟಿದವರಿಗೆ ಏನೂ ಮಾಡದು ಎಂಬ ಮಾತು ಎಷ್ಟು ಹಿತವಾದುದೋ ಅಷ್ಟೇ ತಪ್ಪಾದುದು. ಭೇದಿ ತರುವ ಇ. ಕೋಲಿ ಮೊದಲಾದ ಬ್ಯಾಕ್ಟೀರಿಯಾಗಳು ದಿನವೂ ಅಲ್ಪಸ್ವಲ್ಪ ಒಳಗೆ ಹೋಗುತ್ತಿದ್ದಾಗ ಮೈ ಬೆಳೆಸಿಕೊಳ್ಳುವ ಪ್ರತಿರೋಧ, ಆ ಸಂಪರ್ಕ ತಪ್ಪಿದ ಮೇಲೆ ತಿಂಗಳುಗಳಲ್ಲಿ ಕುಂದುತ್ತದೆ. ಹೊರಗೇ ಹುಟ್ಟಿದ ಮೊಮ್ಮಕ್ಕಳಲ್ಲಿ ಅದು ಮೊದಲಿನಿಂದಲೂ ಇರುವುದಿಲ್ಲ. ಹುಟ್ಟೂರಿಗೆ ಬಂದುಹೋಗುವವರು ತಮ್ಮನ್ನು ಪ್ರವಾಸಿಗಳೆಂದು ಎಣಿಸದೆ ಲಸಿಕೆಯನ್ನೂ ಎಚ್ಚರವನ್ನೂ ಬಿಡುವುದರಿಂದ ಅವರಲ್ಲೇ ಟೈಫಾಯಿಡ್ ಹೆಚ್ಚೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೀಗೆ ಹೊಟ್ಟೆ ಕೆಡುವುದು ನಾಜೂಕೂ ಅಲ್ಲ, ಡೌಲೂ ಅಲ್ಲ. ಮೊದಲ ಎರಡು ವಾರ ಕುದಿಸಿ ಆರಿಸಿದ ನೀರು, ಬಿಸಿಯಾದ ಅನ್ನ, ಆಗತಾನೆ ತೊಳಸಿದ ಮುದ್ದೆ, ಕುದಿಯುವ ಸಾರು ಇಷ್ಟಿದ್ದರೆ ಸಾಕು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸುತ್ತಿರಬೇಕು.

ಬೀಗ ಹಾಕಿದ್ದ ಮನೆಯ ಬಗ್ಗೆ ಇರುವ ತಪ್ಪು ಕಲ್ಪನೆಯನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಆರು ತಿಂಗಳು ಒಣಗಿ ನಿಂತ ಡ್ರಮ್ಮಿನಲ್ಲಿ, ಸಂಪಿನಲ್ಲಿ ಸೊಳ್ಳೆಯಿರಲು ಸಾಧ್ಯವಿಲ್ಲವೆಂದು ಭಾವಿಸಿ, ಒಂದು ಚೊಂಬು ನೀರು ಕುಲುಕಿ ಚೆಲ್ಲಿ ಹೊಸ ನೀರು ತುಂಬಿಸುವುದು ರೂಢಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮೇಲಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ, ಮಸಿಯ ಚುಕ್ಕೆಯಂತೆ ಕಾಣುವ ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿದ್ದು, ನೀರು ಮತ್ತೆ ಆ ಗೆರೆಗೆ ಏರಿದೊಡನೆ ಒಡೆಯುತ್ತವೆ. ಕುಲುಕಿದರೆ ಅವು ಬಿಡುವುದಿಲ್ಲ. ತೆಂಗಿನ ನಾರು ಹಿಡಿದು ಒಳಗೋಡೆಯನ್ನು ಉಜ್ಜಬೇಕು.

ದೀರ್ಘ ವಿಮಾನಯಾನದ ನಂತರ ಕಾಲು ಊದುವುದು ಎಲ್ಲರಿಗೂ ಆಗುವುದೇ ಎಂಬ ಮಾತು ಅರ್ಧ ಮಾತ್ರ ನಿಜ. ಎರಡೂ ಪಾದಗಳು ಸಮನಾಗಿ ಊದಿ ಒಂದೆರಡು ದಿನಗಳಲ್ಲಿ ಇಳಿದರೆ ಹೆದರಬೇಕಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ನೋವು ಮತ್ತು ಬಿಸಿ ಕಂಡರೆ ಅದು ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ನಾಲ್ಕು ಗಂಟೆಗೂ ಮೀರಿದ ಪ್ರಯಾಣ ಈ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆಂದೂ, ಅದು ಕೆಲವು ವಾರಗಳ ತನಕ ಉಳಿಯುತ್ತದೆಂದೂ ತಿಳಿದುಬಂದಿದೆ. ಇದಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ಕೂಡದು, ಆಸ್ಪತ್ರೆಗೇ ಹೋಗಬೇಕು. ಕ್ಷೇಮವಾಗಿ ಮರಳಿದರೆ ಮಾದಪ್ಪನ ಬೆಟ್ಟಕ್ಕೆ ಬಂದು ಮುಡಿ ಕೊಡುವೆನೆಂದು ಹರಕೆ ಹೊತ್ತವರು ಇಳಿದ ಮರುದಿನವೇ ತಾಳಬೆಟ್ಟದ ತಿರುವುಗಳನ್ನು ಏರಲು ಹೊರಡುವುದುಂಟು. ಹರಕೆಗೆ ಒಂದು ವಾರದ ವಾಯಿದೆ ಕೇಳಿದರೆ ಮಾದಪ್ಪ ಮುನಿಯಲಾರ.

ಮನಸ್ಸಿನ ಮಾತು ಇದಕ್ಕಿಂತ ಸೂಕ್ಷ್ಮ. ಸಮುದ್ರಯಾನವನ್ನು ಪಾತಕಗಳ ಸಾಲಿಗೆ ಸೇರಿಸಿದ್ದ ಬೌಧಾಯನ ಧರ್ಮಸೂತ್ರದ ಕಾಲದ ಪ್ರಾಯಶ್ಚಿತ್ತ ಈಗ ಯಾರಿಗೂ ಬೇಕಿಲ್ಲ, ಆದರೆ ಹೋಗಿ ಬಂದವರು ಬದಲಾಗಿ ಬಂದಿದ್ದಾರೆಂಬ ಶಂಕೆ ಪೂರ್ತಿ ಹೋಗಿಲ್ಲ. “ಅಲ್ಲಿ ಹಾಗಿತ್ತು” ಎಂಬ ಒಂದು ಮಾತು ಸಾಕು, ಸೊಕ್ಕು ಎಂಬ ತೀರ್ಪು ಬಂದುಬಿಡುತ್ತದೆ. ಪರದೇಶಕ್ಕೆ ಹೊಂದಿಕೊಳ್ಳುವಾಗ ಮನಸ್ಸು ಹೇಗೆ ಇಳಿದು ಏರುತ್ತದೆಂಬುದನ್ನು ನಾರ್ವೆಯ ಲಿಸ್‌ಗಾರ್ಡ್ 1955ರಲ್ಲಿ ವಿವರಿಸಿದರು, ಸ್ವದೇಶಕ್ಕೆ ಮರಳಿದಾಗಲೂ ಅದೇ ಇಳಿತ ಇನ್ನೊಮ್ಮೆ ಬರುತ್ತದೆಂದು ಅಮೆರಿಕದ ಗುಲ್ಲಹಾರ್ನ್ ದಂಪತಿ 1963ರಲ್ಲಿ ಬರೆದರು. ಅವರು ನೋಡಿದ್ದು ಬಹುಕಾಲ ಹೊರಗಿದ್ದ ವಿದ್ಯಾರ್ಥಿಗಳನ್ನೂ ವಿದ್ವಾಂಸರನ್ನೂ, ಮತ್ತು ಆ ಏರಿಳಿತ ಎಲ್ಲರಲ್ಲೂ ಹಾಗೆಯೇ ಕಾಣುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿವೆ. ಆದರೂ ಆರು ತಿಂಗಳು ಮೊಮ್ಮಗುವನ್ನು ಎತ್ತಿ ಆಡಿಸಿ ಬಂದ ಅಜ್ಜಿ ಬರಿದಾದ ಮನೆಯಲ್ಲಿ ಮಾತಾಡದೆ ಕುಳಿತರೆ ಅದನ್ನು ಅಗಲಿಕೆ ಎನ್ನಬೇಕೇ ಹೊರತು ಸೊಕ್ಕೆನ್ನಬಾರದು. ಚಿಕ್ಕ ರಜೆಯ ವಿಷಯದಲ್ಲಿ ನಂಬಿಕೆ ಇನ್ನೊಂದು ಕಡೆಗೆ ವಾಲುತ್ತದೆ: ಹೆಚ್ಚು ದಿನ ಹೋದಷ್ಟೂ ಉಲ್ಲಾಸ ಹೆಚ್ಚು ದಿನ ಉಳಿಯುತ್ತದೆಂದು ಎಣಿಸಲಾಗುತ್ತದೆ. ಸರಾಸರಿ 23 ದಿನಗಳ ರಜೆ ತೆಗೆದುಕೊಂಡ 54 ಉದ್ಯೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಉಲ್ಲಾಸ ಎಂಟನೆಯ ದಿನಕ್ಕೆ ತುದಿ ಮುಟ್ಟಿ, ಕೆಲಸಕ್ಕೆ ಮರಳಿದ ಮೊದಲ ವಾರದೊಳಗೇ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಹಾಗಾಗಿ ಕೆಲಸದ ಮೇಜಿನ ಮುಂದೆ ಮಂಕು ಕವಿದರೆ ಪ್ರವಾಸ ವ್ಯರ್ಥವಾಯಿತೆಂದು ತಿಳಿಯಬೇಕಿಲ್ಲ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದವರಿಗೆ ಮರಳಿಕೆ ಇನ್ನೂ ತೊಡಕಿನದು. ಅಲ್ಲಿ ಬೆಳೆದು ವಿದೇಶದ ಪೌರತ್ವ ಪಡೆದವರು ಊರಿನ ಮಕ್ಕಳೇ ಆದರೂ ಶಿಬಿರದಲ್ಲಿ ತಂಗಲು ಸರ್ಕಾರದ ಅನುಮತಿಪತ್ರ ಬೇಕು.

ಬೀರುವಿನಲ್ಲಿ ಉಳಿದ ಡಾಲರು ಎಷ್ಟು ಕಾಲವಾದರೂ ಇರಬಹುದೆಂಬುದೂ ಸರಿಯಲ್ಲ. ಪ್ರವಾಸಕ್ಕೆಂದು ಪಡೆದು ಖರ್ಚಾಗದ ವಿದೇಶಿ ಹಣವನ್ನು ಮರಳಿದ 180 ದಿನಗಳೊಳಗೆ ಅಧಿಕೃತ ವಿನಿಮಯದಾರರಿಗೆ ಒಪ್ಪಿಸಬೇಕು. ನೋಟುಗಳ ರೂಪದಲ್ಲಿ 2,000 ಡಾಲರ್ ತನಕ ಮಾತ್ರ ಇಟ್ಟುಕೊಳ್ಳಬಹುದು, ನಾಣ್ಯಗಳಿಗೆ ಮಿತಿಯಿಲ್ಲ. ಹಾಗೆಯೇ 90 ದಿನ ಬಳಸದ ಪ್ರೀಪೇಯ್ಡ್ ಸಿಮ್ ಸಂಪರ್ಕ ಕಡಿದುಹೋಗಬಹುದು. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೇ ಆದುದರಿಂದ ಬಂದ ದಿನವೇ ಪರೀಕ್ಷಿಸುವುದು ಲೇಸು.

ಎಲ್ಲಕ್ಕಿಂತ ಅಪಾಯದ ತಪ್ಪು ಕಲ್ಪನೆಯೆಂದರೆ, ಬಂದು ತಿಂಗಳಾದ ಮೇಲೆ ಕಾಣಿಸಿದ ಜ್ವರಕ್ಕೂ ಪ್ರವಾಸಕ್ಕೂ ಸಂಬಂಧವಿಲ್ಲವೆಂಬುದು. ಆಫ್ರಿಕಾದ ಅನೇಕ ದೇಶಗಳಲ್ಲಿರುವ ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯಾ ಸೊಳ್ಳೆ ಕಚ್ಚಿದ ವಾರದಿಂದ ತಿಂಗಳೊಳಗೆ ಸಾಮಾನ್ಯವಾಗಿ ಕಾಣಿಸಿಕೊಂಡರೂ ಮೂರು ತಿಂಗಳ ತನಕ ತಡವಾಗಬಹುದು, ವೈವಾಕ್ಸ್ ಬಗೆ ಯಕೃತ್ತಿನಲ್ಲಿ ಅಡಗಿದ್ದು ಇನ್ನೂ ತಡವಾಗಿ ಏಳಬಹುದು. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗಲೇ ಹೋಗಿ ಬಂದ ದೇಶದ ಹೆಸರನ್ನೂ ಮರಳಿದ ದಿನಾಂಕವನ್ನೂ ಹೇಳಿ. ವೈದ್ಯರು ಕೇಳಲೆಂದು ಕಾಯಬೇಡಿ.