ಬಿಸಿಯಾದರೆ ಜಾರುವ ಆವರ್ತನ: ಹ್ಯಾಮ್‌ಗಳ ಕೈಯಲ್ಲಿ ಹಳೆಯ ಮೈಕ್ರೋವೇವ್ ಜನರೇಟರ್

ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ನಡೆಸುವವರಲ್ಲಿ ಕೆಲವರು ಮೈಕ್ರೋವೇವ್ ಅಲೆಗಳಲ್ಲೂ ಸಂಪರ್ಕ ಸಾಧಿಸುತ್ತಾರೆ. ಇದಕ್ಕೆ ಬೇಕಾದ ಹೊಸ ಪರೀಕ್ಷಾ ಉಪಕರಣಗಳು ಬಲು ದುಬಾರಿ. ಆದ್ದರಿಂದ ಅಮೆರಿಕ, ಬ್ರಿಟನ್ನಿನ ಹ್ಯಾಮ್‌ಗಳು ಪ್ರಯೋಗಾಲಯಗಳು ವಿಲೇವಾರಿ ಮಾಡಿದ ಹಳೆಯ ಸಿಗ್ನಲ್ ಜನರೇಟರ್‌ಗಳನ್ನು ಅಗ್ಗದಲ್ಲಿ ಕೊಳ್ಳುವುದುಂಟು. ಆದರೆ ಇವು ತೋರಿಸಿದ ಆವರ್ತನದಲ್ಲೇ ನಿಲ್ಲುತ್ತವೆಯೇ?

ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ 620 ಮಾದರಿಯನ್ನೇ ನೋಡೋಣ. 7ರಿಂದ 11 ಗಿಗಾಹರ್ಟ್ಸ್‌ವರೆಗೆ ಸಿಗ್ನಲ್ ಕೊಡುವ ಈ ಯಂತ್ರದೊಳಗೆ ಇರುವುದು ರಿಫ್ಲೆಕ್ಸ್ ಕ್ಲೈಸ್ಟ್ರಾನ್ ಎಂಬ ವಾಲ್ವ್. ಇದರಲ್ಲಿ ಎಲೆಕ್ಟ್ರಾನ್‌ಗಳು ಲೋಹದ ಪೊಳ್ಳು ಕುಹರವನ್ನು ದಾಟಿ ಹೋಗಿ, ರಿಪೆಲ್ಲರ್ ಎಂಬ ಋಣ ವಿದ್ಯುತ್ ಫಲಕದಿಂದ ಹಿಂದಕ್ಕೆ ತಳ್ಳಲ್ಪಡುತ್ತವೆ. ಆವರ್ತನವನ್ನು ಮುಖ್ಯವಾಗಿ ನಿರ್ಧರಿಸುವುದು ಕುಹರದ ಅಳತೆ. ರಿಪೆಲ್ಲರ್ ವೋಲ್ಟೇಜ್ ಬದಲಾದರೂ ಅದು ಸ್ವಲ್ಪ ಸರಿಯುತ್ತದೆ.

ಸಮಸ್ಯೆ ಇಲ್ಲೇ ಇದೆ. ಲೋಹ ಬಿಸಿಯಾದರೆ ಹಿಗ್ಗುತ್ತದೆ, ಕುಹರ ದೊಡ್ಡದಾದರೆ ಆವರ್ತನ ಇಳಿಯುತ್ತದೆ. ಹಿತ್ತಾಳೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಕೇಳಲು ಅತ್ಯಲ್ಪ. ಆದರೆ ಹ್ಯಾಮ್‌ಗಳು ಬಳಸುವ 10,368 ಮೆಗಾಹರ್ಟ್ಸ್‌ನಲ್ಲಿ ಇದು ಸುಮಾರು 200 ಕಿಲೋಹರ್ಟ್ಸ್ ಆಗುತ್ತದೆ. ಸೈಡ್‌ಬ್ಯಾಂಡ್ ಧ್ವನಿಗೆ ರಿಸೀವರ್ ತೆರೆದಿಡುವ ಕಿಟಕಿ ಮೂರು ಕಿಲೋಹರ್ಟ್ಸ್‌ಗಿಂತ ಹೆಚ್ಚಿಲ್ಲ. ಅಂದರೆ ಒಂದೇ ಡಿಗ್ರಿ ಬಿಸಿ ಏರಿದರೆ ಸಿಗ್ನಲ್ ಎಲ್ಲಿದೆ ಎಂದೇ ತಿಳಿಯದು. ಕಡಿಮೆ ಹಿಗ್ಗುವ ಮಿಶ್ರಲೋಹ ಬಳಸಿ ಈ ಜಾರಿಕೆಯನ್ನು ತಗ್ಗಿಸಬಹುದು, ಪೂರ್ತಿ ಅಳಿಸಲಾಗದು.

1970ರ ದಶಕದಲ್ಲಿ ಗನ್ ಡಯೋಡ್ ಇಟ್ಟುಕೊಂಡು ಅಗಲ ಪಟ್ಟಿಯ ಎಫ್‌ಎಂನಲ್ಲಿ ಮಾತನಾಡುತ್ತಿದ್ದ ಹ್ಯಾಮ್‌ಗಳಿಗೆ ಇದು ದೊಡ್ಡ ತೊಡಕಾಗಿರಲಿಲ್ಲ, ರಿಸೀವರಿನ ಕಿಟಕಿಯೂ ಅಗಲವಾಗಿತ್ತು. ದೂರದ ಕ್ಷೀಣ ಸಿಗ್ನಲ್ ಹಿಡಿಯಲು ಕಿರಿದಾದ ಪಟ್ಟಿ ಬಂದ ಮೇಲೆ ಸ್ಥಿರತೆಯೇ ಎಲ್ಲವೂ ಆಯಿತು.

ಇದಕ್ಕೆ ಉತ್ತರ ಸ್ಫಟಿಕ. 108 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರನ್ನು 96 ಪಟ್ಟು ಹೆಚ್ಚಿಸಿದರೆ 10,368 ಸಿಗುತ್ತದೆ. ಆದರೆ ತಪ್ಪೂ 96 ಪಟ್ಟು ಬೆಳೆಯುತ್ತದೆ: ಮೂಲದಲ್ಲಿ 10 ಹರ್ಟ್ಸ್ ಜಾರಿದರೆ ಕೊನೆಯಲ್ಲಿ 960 ಹರ್ಟ್ಸ್. ಆದ್ದರಿಂದ ಕ್ರಿಸ್ಟಲನ್ನು ಒಂದೇ ಉಷ್ಣತೆಯ ಪುಟ್ಟ ಒಲೆಯಲ್ಲಿ ಇಡುತ್ತಾರೆ, ಇಲ್ಲವೇ ಜಿಪಿಎಸ್ ಉಪಗ್ರಹಗಳ ಪರಮಾಣು ಗಡಿಯಾರದ ಸಮಯಕ್ಕೆ ತಾಳೆ ಹಾಕಿದ 10 ಮೆಗಾಹರ್ಟ್ಸ್ ಮೂಲಕ್ಕೆ ಎಲ್ಲವನ್ನೂ ಬಿಗಿಯುತ್ತಾರೆ.

ಹಾಗೆಂದು ಹಳೆಯ ಯಂತ್ರ ಗುಜರಿಗೆ ಹಾಕುವಂಥದ್ದಲ್ಲ. ಆಂಟೆನಾ, ಫಿಲ್ಟರ್ ಪರೀಕ್ಷೆಗೆ ಅದು ಚೆನ್ನಾಗಿ ಒದಗುತ್ತದೆ. ಬಳಸುವ ಮುನ್ನ ಒಂದೆರಡು ಗಂಟೆ ಚಾಲೂ ಇಟ್ಟು ಬಿಸಿ ಸಮವಾಗಲು ಬಿಡಬೇಕು. ಫ್ಯಾನ್ ಗಾಳಿ ಬಡಿಯಬಾರದು. ಕರೆಂಟ್ ಏರಿಳಿಯುವ ಕಡೆ ಸ್ಟೆಬಿಲೈಸರ್ ಇದ್ದರೆ ಒಳ್ಳೆಯದು. ಡಯಲ್ ನಂಬದೆ ಫ್ರೀಕ್ವೆನ್ಸಿ ಕೌಂಟರ್‌ನಲ್ಲಿ ಅಳೆಯಬೇಕು. ಒಳಗೆ ನೂರಾರು ವೋಲ್ಟ್ ಇರುವುದರಿಂದ ಅನುಭವವಿಲ್ಲದವರು ಮುಚ್ಚಳ ತೆಗೆಯಬಾರದು.

ಗಡಿಯ ಯಾವ ಕಡೆ ಮನೆಯಿದ್ದರೂ ಹ್ಯಾಮ್ ಪ್ರಸಾರಕ್ಕೆ ಕೇಂದ್ರ ಸರಕಾರದ ಪರವಾನಗಿ ಕಡ್ಡಾಯ. ಅದರಲ್ಲಿ ಕೊಟ್ಟ ಪಟ್ಟಿಯಿಂದ ಸಿಗ್ನಲ್ ಹೊರಗೆ ಜಾರಿದರೆ ಹೊಣೆ ಯಂತ್ರದ್ದಲ್ಲ, ಅದನ್ನು ನಡೆಸುವವರದೇ.